ಉಪ್ಪು ನೋಡದ ಬುತ್ತಿ

ಮುರುಗೇಶನಿಗೆ ಯಾರಿಗೂ ‘ಇಲ್ಲ’ ಅನ್ನುವುದಕ್ಕೆ ಬರುವುದಿಲ್ಲ. ಬಾಗಿಲಿಗೆ ಬಂದ ಇಬ್ಬರು ಬೇರೆ ಬೇರೆ ಪಂಥದ ಪ್ರಚಾರಕರಿಗೆ ಒಂದೇ ಭಾನುವಾರಕ್ಕೆ ‘ಖಂಡಿತಾ ಬರ್ತೀನಿ’ ಅಂದು, ಆ ಭಾನುವಾರವಿಡೀ ಕರ್ಟನ್ ಎಳೆದುಕೊಂಡು ಬೆಡ್‌ರೂಮಿನಲ್ಲಿ ಕೂತಿದ್ದ ಮನುಷ್ಯ ಅವನು. ಇಂಥವನು ಆಕ್ಲೆಂಡಿನ ತಕಾನಿನಿಯಲ್ಲಿ ನನ್ನ ಎದುರು ಮನೆಗೇ ಬಂದು ಸೇರಿಕೊಂಡದ್ದು ನನ್ನ ಹಣೆಬರಹ, ಬೇರೇನೂ ಅಲ್ಲ.

ನಾನು ಉದಯಶಂಕರ್, ಮೈಸೂರಿನವನು. ಮನೆಯಲ್ಲಿ ಸಸ್ಯಾಹಾರಿ, ಹೊರಗೆ ಅಷ್ಟು ಕಟ್ಟುನಿಟ್ಟಿಲ್ಲ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ನಿಂತು ಚಿಕನ್ ಪೈ ತಿನ್ನುತ್ತಿದ್ದಾಗ ಮುರುಗೇಶ ನೋಡಿಬಿಟ್ಟ. ಅವತ್ತಿನಿಂದ ಅವನ ಪಾಲಿಗೆ ನಾನು ಮಾಂಸಶಾಸ್ತ್ರದ ಪಂಡಿತ. ಈ ಪ್ರಕರಣದಲ್ಲಿ ನನ್ನ ಪಾತ್ರ ಅಷ್ಟೇ. ನನ್ನ ಹೆಂಡತಿ ಗೀತಾ ಬೇರೆ ಥರ ಹೇಳುತ್ತಾಳೆ, ನಂಬಬೇಡಿ.

ಮುರುಗೇಶನ ತಾಯಿ ಮಲ್ಲವ್ವ ಗದಗಿನ ಕಡೆಯವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಎಪ್ಪತ್ತು ದಾಟಿದ ಆ ಬಾಯಿಗೆ ಇವತ್ತಿನವರೆಗೆ ಮೊಟ್ಟೆಯೂ ಹೋಗಿಲ್ಲ. ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಕೇಕಿನ ಮುಂದೆ ನಿಂತು ಅದರ ಕುಲಗೋತ್ರ ವಿಚಾರಿಸುತ್ತಾರೆ, ಆಮೇಲೆ ಬಾಳೆಹಣ್ಣು ತಿಂದು ಬರುತ್ತಾರೆ. ಇಂಗ್ಲಿಷ್ ಬಾರದು. ಅದರಿಂದ ಅವರಿಗೆ ಏನೂ ನಷ್ಟವಾಗಿಲ್ಲ. ಪಕ್ಕದ ಮನೆಯ ಸಿನಾ ಸಮೋವಾದವಳು. ಇವರದು ಕನ್ನಡ, ಅವಳದು ಸಮೋವಾ ಭಾಷೆ, ಕೈಸನ್ನೆ ಇಬ್ಬರದೂ. ದಿನಾ ಡ್ರೈವ್‌ವೇಯಲ್ಲಿ ನಿಂತು ಮಾತಾಡುತ್ತಾರೆ, ನನಗೆ ಗೊತ್ತಿಲ್ಲದ ಬೀದಿಯ ಸುದ್ದಿಯೆಲ್ಲ ಮಲ್ಲವ್ವನಿಗೆ ಗೊತ್ತಿರುತ್ತದೆ.

ಅವರ ಇನ್ನೊಬ್ಬ ಸ್ನೇಹಿತರು ಬೇಲಿಯಾಚೆಯ ಚೋಯ್ ಅಜ್ಜ. ಕೊರಿಯಾದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬೇಲಿಯ ಆ ಕಡೆ ಅವರ ಕೋಸು, ಲೆಟಿಸ್ ಸೊಪ್ಪು. ಈ ಕಡೆ ಮಲ್ಲವ್ವನ ಮೆಂತ್ಯ, ಪುಂಡಿಪಲ್ಯ. ಮಧ್ಯಾಹ್ನವಾದರೆ ಬೇಲಿಯ ಮೇಲಿಂದ ಎರಡು ಜೋಳದ ರೊಟ್ಟಿ ಆ ಕಡೆ ಹೋಗುತ್ತಿದ್ದವು. ಅಜ್ಜ ಎರಡೂ ಕೈಯಲ್ಲಿ ತಗೊಂಡು, ತಲೆ ಬಾಗಿಸಿ, “ಊಟಾ ಆತೇನ್ರಿ?” ಅನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ, ಆದರೆ ಉಚ್ಚಾರ ಅಪ್ಪಟ ಗದಗಿನದು.

ಎರಡು ಸಾವಿರದ ಹದಿನಾರರ ಮಾರ್ಚಿನಲ್ಲಿ ಚೋಯ್ ಅಜ್ಜ ಮನೆ ಮಾರಿ ನೆಲ್ಸನ್ನಿನಲ್ಲಿದ್ದ ಮಗಳ ಹತ್ತಿರ ಹೊರಟರು. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೊರಟು, ವೆಲಿಂಗ್ಟನ್ನಿನಲ್ಲಿ ಕಾರಿನ ಸಮೇತ ಹಡಗು ಹತ್ತಿ ದಕ್ಷಿಣ ದ್ವೀಪಕ್ಕೆ ಹೋಗುವುದು. ಸುದ್ದಿ ಕೇಳಿದ ಮಲ್ಲವ್ವ ಶುಕ್ರವಾರ ಸಂಜೆ ಮಗನನ್ನು ಎದುರಿಗೆ ಕೂರಿಸಿಕೊಂಡರು. ನಾನೂ ಇದ್ದೆ, ಚಹಾಕ್ಕೆ.

“ತಮ್ಮಾ, ಆ ಹಿರ್ಯಾ ಹಾದಿ ಹಿಡದು ಹೊಂಟಾನ. ಬುತ್ತಿ ಕಟ್ಟಬೇಕು.”

“ಕಟ್ಟೋಣ ಬೇ. ರೊಟ್ಟಿ, ಶೇಂಗಾ ಚಟ್ನಿ...”

“ಅದು ಇದ್ದದ್ದ. ಎರಡ ವರ್ಸ ನಮಗಾಗಿ ನಮ್ಮ ರೊಟ್ಟಿ ತಿಂದಾನ. ಹೋಗೂ ಮುಂದ ಅವನ ನಾಲಿಗಿಗೆ ಅವನ ಊರಿಂದು ಬೀಳಬೇಕು. ಏನ ಸೇರತೈತಿ, ಕೇಳಕೊಂಡ ಬಾ.”

“ಹ್ಞೂಂ,” ಅಂದ ಮುರುಗೇಶ.

ಹೋಗಿ ಬಂದವನು ಉಬ್ಬಿಹೋಗಿದ್ದ. ಅಜ್ಜ ಮೊದಲು ಬೇಡ ಬೇಡ ಅಂದು, ಆಮೇಲೆ ತಮ್ಮ ಹೆಂಡತಿ ಮಾಡುತ್ತಿದ್ದ ಜೆಯುಕ್ ಬೊಕ್ಕಮ್ ಅನ್ನುವುದನ್ನು ತಿನ್ನದೆ ವರ್ಷಗಳೇ ಆದವು ಅಂದು ಕಣ್ಣೊರೆಸಿಕೊಂಡರಂತೆ. ಇವನು ತಾನೇ ಮಾಡಿಕೊಡುತ್ತೇನೆ ಅಂತ ಕೈಮೇಲೆ ಕೈ ಹಾಕಿ ಮಾತು ಕೊಟ್ಟು ಬಂದಿದ್ದ. ಅದೇನು ಪದಾರ್ಥ ಅಂತ ಕೇಳಿರಲಿಲ್ಲ.

“ಸತ್ತ ಹೆಂಡತಿ ಕೈರುಚಿ ನೆನಸ್ಯಾನ,” ಅಂದು ಮಲ್ಲವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡರು. “ಇನ್ನ ಅದನ್ನ ತಪ್ಪಿಸಬಾರದು.” ಎದ್ದು ಒಳಗೆ ಹೋದರು.

ನಾನು ಫೋನು ತೆಗೆದು ಆ ಹೆಸರು ಹುಡುಕಿದೆ. ಓದಿ, ಮುರುಗೇಶನ ಕೈಗೆ ಕೊಟ್ಟೆ. ಈರುಳ್ಳಿ, ಗಜ್ಜರಿ, ಕೋಸು, ಬೆಳ್ಳುಳ್ಳಿ, ಎಳ್ಳೆಣ್ಣೆ ಅಂತ ಖುಷಿಯಿಂದ ಓದಿಕೊಂಡು ಹೋದವನು ಎಲ್ಲಕ್ಕಿಂತ ಮೇಲಿನ ಸಾಲಿಗೆ ಕಟ್ಟಕಡೆಗೆ ಬಂದ. ಅವನ ದನಿ ಇಳಿದುಹೋಯಿತು.

“ಉದಯಣ್ಣಾ, ಇದು ಹಂದಿ.”

“ಹೌದು.”

“ಹಂದಿ ಬಿಟ್ಟು ಮಾಡಿದ್ರ?”

“ಕೋಸಿನ ಪಲ್ಯ ಆಗುತ್ತೆ. ಹೆಂಡತಿ ಕೈಯಡುಗೆ ಆಗಲ್ಲ.”

“ಹಂಗಾರ ಹೋಟೆಲ್‌ನ್ಯಾಗಿಂದ ತಂದ್ರ?” ಇದೊಂದನ್ನು ಮಾತ್ರ ಜೋರಾಗಿ ಕೇಳಿದ.

“ಕೊಂಡ ತಂದದ್ದಕ್ಕ ಬುತ್ತಿ ಅಂತಾರೇನೋ?” ಒಳಗಿನಿಂದ ಮಲ್ಲವ್ವನ ದನಿ ಬಂತು. “ಮಾತ ಕೊಟ್ಟಾಂವ ನೀನ, ಮಾಡಾಂವ ನೀನ. ನಾ ನಿಂತು ಹೇಳಿಕೊಡತೀನಿ!”

ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು ಅಂದೆ. ಮುರುಗೇಶ ಹೆದರಿಕೊಂಡ. “ಹೇಳಿದ್ರ ಅಜ್ಜ ಹೋಗೂಮಟಾ ಅವನ ಮುಖಾ ನೋಡಂಗಿಲ್ಲ ಅಕಿ. ಅವರ ದೋಸ್ತಿ ಕಡೀ ದಿನಾ ಹಂಗ ಮುರೀಬಾರದು, ಉದಯಣ್ಣಾ. ಅವ್ವನ ಬಾಯಿಗಿ ಅದು ತಾಗಬಾರದು, ಅಜ್ಜನ ಬಾಯಿಗಿ ತಪ್ಪಬಾರದು. ಅಷ್ಟ.”

ಶನಿವಾರ ಸೂಪರ್‌ಮಾರ್ಕೆಟ್ಟಿಗೆ ಹೋದೆವು. ಹೊರಗೆ ಚೆನ್ನಾಗಿ ಬಿಸಿಲು, ಮುರುಗೇಶ ಮಾತ್ರ ಮಳೆ ಜಾಕೆಟ್ಟಿನ ಟೋಪಿ ಎಳೆದುಕೊಂಡು ಕಪ್ಪು ಕನ್ನಡಕ ಹಾಕಿದ್ದ. ಸೆಕ್ಯುರಿಟಿಯವನು ನಮ್ಮ ಹಿಂದೆಯೇ ಬಂದ. ಮಾಂಸದ ಸಾಲಿಗೆ ತಿರುಗಿದರೆ ಎದುರಿಗೆ ನಮ್ಮ ಕನ್ನಡ ಬಳಗದ ಅಧ್ಯಕ್ಷ ಮೃತ್ಯುಂಜಯ! ಸಾತ್ವಿಕ ಆಹಾರದ ಮಹಿಮೆ ಕುರಿತು ಹೋದ ತಿಂಗಳಷ್ಟೇ ನಮ್ಮನ್ನೆಲ್ಲ ಊಟಕ್ಕೆ ಬಿಡದೆ ಭಾಷಣ ಮಾಡಿದವರು. ಅವರ ಬುಟ್ಟಿಯಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗಿಂದ ಕುರಿಯ ಕಾಲೊಂದು ಹೊರಗೆ ಚಾಚಿಕೊಂಡಿತ್ತು.

“ಇಲ್ಲಿ ಹಾಲು ಎಲ್ಲಿಡ್ತಾರೆ ರೀ?” ಅಂದರು ಮೃತ್ಯುಂಜಯ.

“ನಾವೂ ಅದನ್ನ ಹುಡುಕಾಕ್ಹತ್ತೇವ್ರಿ,” ಅಂದ ಮುರುಗೇಶ, ತೆಳ್ಳಗೆ ಕೊಯ್ದ ಹಂದಿಮಾಂಸದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು.

ಇಬ್ಬರೂ ವರ್ಷಗಟ್ಟಲೆಯಿಂದ ಅದೇ ಅಂಗಡಿಯಿಂದ ಹಾಲು ತರುತ್ತಿರುವವರು. ಗಂಭೀರವಾಗಿ ನಮಸ್ಕಾರ ಹೇಳಿಕೊಂಡು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದು ಬೇರೆಯಾದರು.

ಇಲ್ಲಿ ನಮ್ಮವರ ಮನೆಗಳಲ್ಲಿ ಗ್ಯಾರೇಜು ಇರುವುದು ಕಾರಿಗಲ್ಲ. ಕಾರು ಬೀದಿಯಲ್ಲಿ ನೆನೆಯುತ್ತದೆ. ಗ್ಯಾರೇಜಿನಲ್ಲಿ ಗ್ಯಾಸಿನ ಒಲೆ ಹೂಡಿ ಒಗ್ಗರಣೆ, ಕರಿಯುವುದು ಎಲ್ಲ ಅಲ್ಲೇ. ಇಲ್ಲದಿದ್ದರೆ ಘಾಟು ಕಾರ್ಪೆಟ್ಟಿಗೆ ಹಿಡಿದು ವರ್ಷವಾದರೂ ಬಿಡುವುದಿಲ್ಲ. ಅಡುಗೆಮನೆಯ ಮಡಿಗೂ ಧಕ್ಕೆಯಿಲ್ಲ ಅಂತ ಮುರುಗೇಶ ಅಲ್ಲಿಯೇ ಒಲೆ ಹಚ್ಚಿದ. ಬಾಣಲೆ, ಸೌಟು, ಚಾಕು ಎಲ್ಲ ಹೊಸದು. ತಾಯಿ ಪೂಜೆಯಿಂದ ಏಳುವುದರೊಳಗೆ ಮಾಂಸಕ್ಕೆ ಕೊರಿಯಾದ ಕೆಂಪು ಖಾರದ ಹಿಂಡಿ, ಸೋಯಾ ಸಾಸು, ಸಕ್ಕರೆ, ಶುಂಠಿ, ಬೆಳ್ಳುಳ್ಳಿ ಮೆತ್ತಿ, ಅದರ ಜನ್ಮದಾತರಿಗೂ ಗುರುತು ಸಿಗದ ಹಾಗೆ ಮಾಡಿಟ್ಟ.

ಮಲ್ಲವ್ವ ಬಂದು ಮಡಚುವ ಕುರ್ಚಿಯಲ್ಲಿ ಕೂತರು. ಹಿಂಡಿಯ ಡಬ್ಬಿ ಮೂಸಿದರು. “ನಮ್ಮ ರಂಜಕದಂಗ ಐತಿ. ತುಸು ಬೆಲ್ಲಾ ಬಿದ್ದಂಗ ಕಾಣತೈತಿ,” ಅಂದು ಮೆಚ್ಚಿದರು. ಆಮೇಲೆ ಪಾತ್ರೆಯ ಕಡೆ ಕೈ ತೋರಿಸಿದರು. “ಒಳಗಿಂದೇನು?”

ಮುರುಗೇಶ ನನ್ನ ಮುಖ ನೋಡಿದ. ನಾನು ಹುಲ್ಲು ಕತ್ತರಿಸುವ ಮಷೀನು ನೋಡುತ್ತಾ ನಿಂತೆ.

“ಅದು... ಅವರ ಕಡೀದು ಬೇ. ಒಂದು ಪದಾರ್ಥ.”

“ಸೋಯಾ ಇರಬೇಕು,” ಅಂದು ಮಲ್ಲವ್ವ ತಾವೇ ತೀರ್ಮಾನಿಸಿ ದಂಡನಾಯಕಿಯ ಹಾಗೆ ಆಜ್ಞೆ ಕೊಡಲು ಶುರುಮಾಡಿದರು. “ಉರಿ ಜೋರ ಮಾಡು. ಮದಲ ಆ ಪದಾರ್ಥ ಹಾಕು, ನೀರ ಬಿಡಬಾರದು, ಬಾಡಿಸು. ಈಗ ಗಜ್ಜರಿ. ಕೋಸು ಆಮ್ಯಾಲೆ, ಅದು ಮೆತ್ತಗಾಗಬಾರದು. ಉಳ್ಳಾಗಡ್ಡಿ ಎಲ್ಲಿ? ಹೆಣಾ ತಿರುವಿದಂಗ ತಿರುವಬ್ಯಾಡೋ, ಗಡಾಗಡಾ ತಿರುವು!”

ಕೆಂಪಗೆ, ಅಂಟಂಟಾಗಿ, ಅಂಚು ಸುಟ್ಟುಕೊಂಡು ಅದು ಬೆಂದಿತು. ಮೇಲೆ ಎಳ್ಳೆಣ್ಣೆ, ಹುರಿದ ಎಳ್ಳು ಉದುರಿಸಿದ. ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು ಅಂತ ಹೇಳಿದರೆ ತಪ್ಪೇನಿಲ್ಲ. ಎಲ್ಲ ಸುಸೂತ್ರವಾಗಿ ಮುಗಿಯಿತು ಅಂತ ಅವನು ಒಲೆ ಆರಿಸಿದ.

“ಉಪ್ಪು ನೋಡು,” ಅಂದರು ಮಲ್ಲವ್ವ.

“ಸರಿ ಇರತೈತಿ ಬೇ.”

“ಇರತೈತಿ ಅಂದ್ರ? ನಮ್ಮ ಮನ್ಯಾಗ ಉಪ್ಪು ನೋಡಲಾರದ ಬುತ್ತಿ ಯಾರೂ ಕಟ್ಟಿಲ್ಲ. ನಡು ಹಾದ್ಯಾಗ ಅವಗ ಉಪ್ಪು ಯಾರ ತಂದ ಕೊಡತಾರ?”

“ಉದಯಣ್ಣ ನೋಡತಾರ!” ಅಂದ ಅವನು.

ನನ್ನದು ಕೋಳಿಯವರೆಗೆ ಮಾತ್ರ, ಆ ಗಡಿ ನಾನು ದಾಟುವವನಲ್ಲ. “ನನಗೆ ಎರಡು ದಿನದಿಂದ ಎದೆಯುರಿ ಅಮ್ಮಾ,” ಅಂದೆ.

“ನಿಮ್ಮಿಬ್ಬರನ್ನ ನಂಬಿದ್ರ ಆತು,” ಅಂದು ಮಲ್ಲವ್ವ ಎದ್ದರು. ಸೌಟಿನಲ್ಲಿ ಒಂದಿಷ್ಟು ತೆಗೆದು, ಉಫ್ ಉಫ್ ಅಂತ ಊದಿ ಬಾಯಿಯ ಹತ್ತಿರ ತಂದರು. ನಾನು ಮುರುಗೇಶನ ಕಿವಿಯಲ್ಲಿ, “ಔಷಧಿ ಅನ್ನು,” ಅಂದೆ.

“ಯವ್ವಾ! ತಿನಬ್ಯಾಡ! ಔಷಧ ಅದು!”

ಸೌಟು ನಿಂತಿತು.

“ಅಜ್ಜಂದು ಬೇ. ಅವಗ ಆರಾಮಿಲ್ಲ. ಆರಾಮ ಇದ್ದವರು ಅದನ್ನ ಬಾಯಾಗ ಇಡಬಾರದು.”

ಔಷಧಿ ಅನ್ನು ಅಂದವನು ನಾನು, ಒಪ್ಪಿದೆ. ಅಜ್ಜನಿಗೆ ರೋಗ ಅಂಟಿಸು ಅಂತ ನಾನು ಹೇಳಿರಲಿಲ್ಲ.

ಮಲ್ಲವ್ವ ಸೌಟು ಕೆಳಗಿಟ್ಟರು. “ಏನ ಜಡ್ಡು?”

“ಹೊಟ್ಟ್ಯಾಗಿಂದು.”

“ದೊಡ್ಡದೇನು?”

ಇಲ್ಲ ಅನ್ನಬಹುದಾಗಿತ್ತು. ಬರಬೇಕಲ್ಲ! “ಹ್ಞೂಂ,” ಅಂದ.

“ಉಳಿಯೂ ಹಂಗ ಇಲ್ಲೇನು?”

“ಹ್ಞೂಂ,” ಅಂದ ಅದಕ್ಕೂ.

ಮಲ್ಲವ್ವ ಲಿಂಗವನ್ನು ಎದೆಗೆ ಒತ್ತಿಕೊಂಡರು. “ಅಯ್ಯ ಶಿವನ! ಅದಕ್ಕ ಮಗಳ ಕಡೆ ಹೊಂಟಾನ. ನನ್ನ ಮುಂದ ಒಂದ ಮಾತ ಹೇಳಲಿಲ್ಲ ನೋಡು, ಎಷ್ಟ ಗಟ್ಟಿ ಮನಶ್ಯಾ!” ಕಣ್ಣೀರು ಸುರಿಸುತ್ತಾ ನೇರ ಸಿನಾ ಮನೆಗೆ ನಡೆದರು.

ಗ್ಯಾರೇಜಿನಿಂದ ನಮಗೆ ಎಲ್ಲ ಕಾಣುತ್ತಿತ್ತು. ಮಲ್ಲವ್ವ ಚೋಯ್ ಅಜ್ಜನ ಮನೆ ತೋರಿಸಿದರು, ಹೊಟ್ಟೆ ಹಿಡಿದುಕೊಂಡರು, ಆಮೇಲೆ ಆಕಾಶಕ್ಕೆ ಕೈ ಎತ್ತಿದರು. ಸಿನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಸಿನಾ ಫೋನು ತೆಗೆದಳು.

“ಹೋಗಿ ನಿಜ ಹೇಳೋ,” ಅಂದೆ.

“ಹ್ಞೂಂ,” ಅಂದು ಅವನು ಅಲ್ಲೇ ನಿಂತ.

ಸಿನಾ ತನ್ನ ಚರ್ಚಿಗೆ ಫೋನು ಮಾಡಿದಳು. ಮಲ್ಲವ್ವ ನನ್ನ ಗೀತಾಗೆ ಹೇಳಿದರು. ಗೀತಾಗೆ ಹೇಳುವುದೆಂದರೆ ಆಕ್ಲೆಂಡಿಗೆ ಹೇಳಿದ ಹಾಗೆ. ಅವಳು ಮುರುಗೇಶನ ಹೆಂಡತಿ ವಚನಾಗೆ ಫೋನು ಮಾಡಿದಳು. ವಚನಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಆಮೇಲೆ ಬಳಗದ ಅಧ್ಯಕ್ಷರಿಗೆ ಮಾಡಿದಳು. ಮೂಲೆಮನೆಯ ಗ್ರಹಾಂ ನಾಯಿಯನ್ನು ತಿರುಗಾಡಿಸುತ್ತಾ ಬಂದವನು ಸಿನಾಳಿಂದ ಕೇಳಿಕೊಂಡು, ಹಿಂದೆ ತೆರೆದ ತೊಟ್ಟಿಯಿರುವ ತನ್ನ ಯೂಟ್ ಗಾಡಿ ತಂದು ಅಜ್ಜನ ಮನೆಯ ಮುಂದೆ ನಿಲ್ಲಿಸಿದ. “ಆ ಸ್ಥಿತಿಯಲ್ಲಿ ಅವರು ಡ್ರೈವ್ ಮಾಡೋದಾ? ನಾನೇ ನೆಲ್ಸನ್ನಿಗೆ ಬಿಟ್ಟು ಬರ್ತೀನಿ. ಹಿಂದೆ ಹಾಸಿಗೆ ಹಾಕಿದ್ದೀನಿ ನೋಡು, ಮಲಗಿಕೊಂಡೇ ಬರಬಹುದು,” ಅಂದ. ಹಾಸಿಗೆಯ ಮೇಲೆ ನಾಯಿ ಮಲಗಿತ್ತು.

ಚೋಯ್ ಅಜ್ಜ ಪ್ರಯಾಣಕ್ಕೆ ಕಾರು ತೊಳೆಸಲು ಹೋಗಿದ್ದರು. ಸಂಜೆ ಬಿಸಿಲು ಇನ್ನೂ ಇರುವಾಗ ತಿರುಗಿ ಬಂದರೆ, ಮುರುಗೇಶನ ಡ್ರೈವ್‌ವೇ ತುಂಬ ಜನ. ಸಿನಾಳ ಚರ್ಚಿನವರು ಸಾಲಾಗಿ ನಿಂತು ಮೆಲುದನಿಯಲ್ಲಿ ಹಾಡುತ್ತಿದ್ದರು. ಎಷ್ಟು ಚೆನ್ನಾಗಿ ಹಾಡಿದರೆಂದರೆ ಎಲ್ಲ ಗೊತ್ತಿದ್ದ ನನಗೂ ದುಃಖ ಬಂತು. ಅಜ್ಜ ಕಾರಿನಿಂದ ಇಳಿದದ್ದೇ ತಡ, ಗ್ರಹಾಂ ಓಡಿ ಹೋಗಿ ಅವರ ತೋಳು ಹಿಡಿದುಕೊಂಡ. ಮೃತ್ಯುಂಜಯ ಶಾಲು, ಹಾರ, ಹಣ್ಣಿನ ಬುಟ್ಟಿಯ ಸಮೇತ ಬಂದಿದ್ದರು. ಯಾರಾದರೂ ಹೊರಟರೆಂದರೆ ನಮ್ಮ ಬಳಗದವರು ಸನ್ಮಾನ ಮಾಡದೆ ಬಿಡುವುದಿಲ್ಲ. ಶಾಲು ಹೊದಿಸಿ, ಹಾರ ಹಾಕಿ, “ಬದುಕು ನಶ್ವರ,” ಅಂತ ಕನ್ನಡದಲ್ಲಿ ಎರಡು ಮಾತಾಡಿದರು.

ಇದೆಲ್ಲ ತನ್ನನ್ನು ಬೀಳ್ಕೊಡುವುದಕ್ಕೆ ಅಂತ ಅಜ್ಜ ತಿಳಿದರು. ಎಲ್ಲರಿಗೂ ತಲೆ ಬಾಗಿಸುತ್ತಾ ಗಳಗಳ ಅತ್ತುಬಿಟ್ಟರು. ಅದನ್ನು ನೋಡಿ ಅನುಮಾನವಿದ್ದವರಿಗೂ ಖಾತ್ರಿಯಾಯಿತು.

ಅಷ್ಟರಲ್ಲಿ ವಚನಾ ಲ್ಯಾಬ್ ಕೋಟಿನಲ್ಲೇ ಓಡಿ ಬಂದಳು. “ರಿಪೋರ್ಟ್ ಎಲ್ಲದ? ಯಾವ ಡಾಕ್ಟರ್ ನೋಡ್ಯಾರ? ಯಾರೂ ನನಗ್ಯಾಕ ಹೇಳಲಿಲ್ಲ?” ಗಂಡನನ್ನು ಹಿಡಿದುಕೊಂಡಳು. ಮುರುಗೇಶ ಎಲ್ಲದಕ್ಕೂ ಹ್ಞೂಂ ಅಂದ.

ಮಲ್ಲವ್ವ ಅಜ್ಜನನ್ನು ಕೈಹಿಡಿದು ತಂದು ಬಾಣಲೆಯ ಮುಂದೆ ಕೂರಿಸಿದರು. ಅಜ್ಜ ಮೂಗರಳಿಸಿದರು. ಒಂದು ತುಂಡು ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಹಾಡುವವರೂ ನಿಲ್ಲಿಸಿದರು. “ಮೈ ವೈಫ್,” ಅಂದರು ಅಜ್ಜ, ಅಷ್ಟೇ. ಮುರುಗೇಶ ಮೂಗು ಸೇದಿಕೊಂಡ. ಅವನ ಅರ್ಧ ಕೆಲಸ ನೆರವೇರಿತ್ತು.

ಮೃತ್ಯುಂಜಯ ಬಾಣಲೆಗೆ ಬಗ್ಗಿ ನೋಡಿದರು. ಅನುಭವಸ್ಥರು, ಗುರುತು ಹಿಡಿದರು. ಮುರುಗೇಶನ ಹತ್ತಿರ ಬಂದು ಮೆಲ್ಲಗೆ, “ಹಾಲು ಸಿಕ್ತೇನ್ರೀ?” ಅಂದರು.

“ಸಿಕ್ತುರೀ. ನಿಮಗ?”

“ಸಿಕ್ತು,”  ಅಂದು ಅವರು ದೂರ ಹೋಗಿ ನಿಂತರು.

ಆಗ ಚೋಯ್ ಅಜ್ಜ ತಮ್ಮ ಹಿತ್ತಲಿಂದ ಒಂದು ಹಿಡಿ ಲೆಟಿಸ್ ಎಲೆ ಕಿತ್ತು ತೊಳೆದು ತಂದರು. ಒಂದು ಎಲೆಯನ್ನು ಅಂಗೈಯಲ್ಲಿ ಹರಡಿ, ಅದರಲ್ಲಿ ಒಳ್ಳೆಯ ತುಂಡು ಆರಿಸಿ ಇಟ್ಟು, ನಾವು ವೀಳ್ಯ ಮಡಚುವ ಹಾಗೆ ಮಡಚಿದರು. ಕೊರಿಯಾದಲ್ಲಿ ಪ್ರೀತಿಯವರಿಗೆ ಹೀಗೆ ತಮ್ಮ ಕೈಯಿಂದಲೇ ತಿನ್ನಿಸುವುದು ವಾಡಿಕೆಯಂತೆ. ಎರಡೂ ಕೈಯಲ್ಲಿ ಅದನ್ನು ಹಿಡಿದು ಮಲ್ಲವ್ವನ ಬಾಯಿಯ ಮುಂದೆ ತಂದು, “ಊಟಾ ಆತೇನ್ರಿ?” ಅಂದರು.

“ಯವ್ವಾ, ಔಷಧ!” ಅಂದ ಮುರುಗೇಶ.

“ಇರಲೇಳೋ! ಹೋಗೂ ಮನಶ್ಯಾ ಕೈಯಾರೆ ತುತ್ತ ಕೊಡಾಕ್ಹತ್ತಾನ, ಬ್ಯಾಡ ಅನ್ನಲೇನು? ಒಂದ ತುತ್ತಿಗೆ ಸತ್ತ ಹೋಗೂದಿಲ್ಲ ನಾ.” ಮಲ್ಲವ್ವ ಕಣ್ಣು ಮುಚ್ಚಿ ಬಾಯಿ ತೆರೆದರು.

ಮುರುಗೇಶ ಜಿಗಿದ. ಜೀವಮಾನದಲ್ಲಿ ಕ್ರಿಕೆಟ್ಟಿನಲ್ಲೂ ಅವನು ಹಾಗೆ ಜಿಗಿದವನಲ್ಲ. ತಾಯಿಗೂ ಅಜ್ಜನ ಕೈಗೂ ನಡುವೆ ತಲೆ ತೂರಿಸಿ, ಇಡೀ ತುತ್ತನ್ನು ಗಬಕ್ಕನೆ ತನ್ನ ಬಾಯಿಗೆ ಹಾಕಿಕೊಂಡ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವನು ಹಂದಿ ಅಗಿಯುತ್ತಾ ನಿಂತ.

ಜನ ದಂಗಾದರು. ಮಲ್ಲವ್ವ ಕಣ್ಣು ಬಿಟ್ಟು ಅವನ ಬೆನ್ನಿಗೆ ಒಂದು ಬಿಟ್ಟರು. “ಥೂ ಹೊಟ್ಟಿಬಾಕ! ಸಾಯೂ ಮನಶ್ಯಾ ಹಡೆದವ್ವಗ ಕೊಟ್ಟ ತುತ್ತು ಕಸಗೊಂಡ ತಿಂತಿಯಲ್ಲೋ! ನಾಲ್ಕ ಮಂದ್ಯಾಗ ನನ್ನ ಮಾನಾ ಕಳದಿ!”

ಅಜ್ಜ ನಕ್ಕರು. ಹುಡುಗನಿಗೆ ಆಸೆಯಾಗಿದೆ ಅಂತ ಅವನಿಗೊಂದು ಮಡಚಿ ತಿನ್ನಿಸಿದರು. ಮುರುಗೇಶ ಬೇಡ ಅನ್ನುತ್ತಾನೆಯೇ? ತಿಂದ. ಅಜ್ಜ ಮತ್ತೆ ಮಲ್ಲವ್ವನಿಗೊಂದು ಮಡಚಿದರು. ಅದನ್ನೂ ಅವನೇ ಎಗರಿ ಬಾಯಿಗೆ ತುಂಬಿಕೊಂಡ. ಕೆನ್ನೆ ಎರಡೂ ಉಬ್ಬಿ, ಕಣ್ಣಲ್ಲಿ ಖಾರಕ್ಕೆ ನೀರು. ಅಜ್ಜನ ಕೈ ಇನ್ನೊಂದು ಎಲೆಗೆ ಹೋಯಿತು.

ಆಗ ಮುರುಗೇಶ ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ಆ ಪದ ನುಡಿದ. “ಇಲ್ಲ!” ಅಂದ, ಬಾಯಿ ತುಂಬ ಇಟ್ಟುಕೊಂಡು. “ಇಲ್ಲ ಬೇ, ನೀ ತಿನ್ನಂಗಿಲ್ಲ! ಅದು ಹಂದಿ!”

ಕನ್ನಡ ತಿಳಿದವರೆಲ್ಲ ಕಲ್ಲಾದರು. ಮೃತ್ಯುಂಜಯ ಆಶ್ಚರ್ಯದಿಂದ “ಛೇ ಛೇ,” ಅಂದರು.

ಮಲ್ಲವ್ವ ಬಾಣಲೆ ನೋಡಿದರು. ಅಜ್ಜನನ್ನು ನೋಡಿದರು. ಮಗನ ಉಬ್ಬಿದ ಕೆನ್ನೆ ನೋಡಿದರು. “ಹೊಟ್ಟಿ ಜಡ್ಡಿಗೆ ಯಾವ ಡಾಕ್ಟರ ಹಂದಿ ತಿನ್ನಂದಾನ?”

“ಜಡ್ಡೂ ಇಲ್ಲ ಬೇ. ನಾ ಸುಳ್ಳ ಹೇಳೀನಿ. ನೀ ಉಪ್ಪು ನೋಡಬಾರದು ಅಂತ.”

“ಹಂಗಾರ ಸಾಯೂದಿಲ್ಲೇನು?”

“ಇಲ್ಲ.”

“ಶಿವನ!” ಅಂದು ಮಲ್ಲವ್ವ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. ಬೈಯುತ್ತಾರೆ ಅಂತ ಎಲ್ಲ ಕಾದೆವು. ಅವರು ಅಳುತ್ತಿದ್ದರು, ಸಂತೋಷಕ್ಕೆ.

ವಚನಾ ಇಂಗ್ಲಿಷಿನಲ್ಲಿ ಉಳಿದವರಿಗೆ ಬಿಡಿಸಿ ಹೇಳಿದಳು. ಗ್ರಹಾಂ ನಾಯಿಯನ್ನು ಹಾಸಿಗೆಯಿಂದ ಇಳಿಸಿದ. ಸಿನಾ ಒಂದು ಗಳಿಗೆ ಯೋಚಿಸಿ, ಚರ್ಚಿನವರಿಗೆ ಏನೋ ಹೇಳಿದಳು. ಅವರು ಈ ಸಲ ಕುಣಿಯುವಂಥ ಹಾಡು ಎತ್ತಿಕೊಂಡರು. ಚೋಯ್ ಅಜ್ಜ ಮಾತ್ರ ಬೆಳ್ಳಗಾಗಿ ಹೋಗಿದ್ದರು. ಮಲ್ಲವ್ವನ ಮುಂದೆ ಸೊಂಟ ಬಗ್ಗಿಸಿ ಬಹಳ ಹೊತ್ತು ನಿಂತರು. ಆಮೇಲೆ ನಲ್ಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರು. ಹೊಸ ಎಲೆ ಕಿತ್ತು ತಂದು, ಮಲ್ಲವ್ವ ಬುತ್ತಿಗೆ ತಂದಿಟ್ಟಿದ್ದ ರೊಟ್ಟಿಯ ಚೂರು, ಶೇಂಗಾ ಚಟ್ನಿ ಇಟ್ಟು ಮಡಚಿ, ಎರಡೂ ಕೈಯಲ್ಲಿ ಚಾಚಿದರು. ಈ ಸಲ “ಊಟಾ ಆತೇನ್ರಿ?” ಅನ್ನುವುದಕ್ಕೆ ಅವರಿಗೆ ಧೈರ್ಯ ಬರಲಿಲ್ಲ.

“ಇಲ್ಲ, ಇನ್ನೂ ಆಗಿಲ್ಲೋ ಹಿರ್ಯಾ,” ಅಂದು ಮಲ್ಲವ್ವ ಬಾಯಿ ತೆರೆದು ತಿಂದರು. ನಿಧಾನವಾಗಿ ಅಗಿದು ನುಂಗಿ, ಬಾಯಿ ಒರೆಸಿಕೊಂಡು ಮಗನ ಕಡೆ ತಿರುಗಿದರು. ಮುರುಗೇಶ ತಲೆ ತಗ್ಗಿಸಿ ನಿಂತಿದ್ದ.

“ಮೂರ ತುತ್ತ ತಿಂದಿ.”

“ಹ್ಞೂಂ ಬೇ.”

“ಈಗರೆ ಹೇಳು. ಉಪ್ಪು ಸರಿ ಐತೇನು?”

ಮುರುಗೇಶ ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ತಿರುಗಿಸಿ ನೋಡಿದ. “ಇಲ್ಲ ಬೇ. ತುಸು ಕಡಿಮಿ ಐತಿ.”

“ನನಗ ಗೊತ್ತಿತ್ತು,” ಅಂದರು ಮಲ್ಲವ್ವ. ಸೆರಗನ್ನು ಮೂಗಿಗೆ ಒತ್ತಿಕೊಂಡು, ಮುಖ ಆ ಕಡೆ ತಿರುಗಿಸಿ, ಮಾರು ದೂರದಿಂದ ಒಂದು ಚಿಟಿಕೆ ಉಪ್ಪನ್ನು ಬಾಣಲೆಗೆ ಎಸೆದರು. “ತಿರುವು. ಬುತ್ತಿ ಕಟ್ಟೋಣು.”